ಸಂಪರ್ಕಕ್ಕೆ ಸಿಗದ ಏಳು ಮಕ್ಕಳು

"ಅಭಿನಂದನೆ ಮೇಡಂ! ನಿಮ್ಮ ಪ್ರಬಂಧ ಓದಿದ್ಮೇಲೆ ನಾವೂ ಮಿದುಳು ಜ್ವರದ ಮಕ್ಕಳಿಗೆ ಐದೇ ದಿನಕ್ಕೆ ಇಂಜೆಕ್ಷನ್ ನಿಲ್ಲಿಸ್ತಾ ಇದೀವಿ."

ಇನ್ನೊಂದು ಊರಿನ ವೈದ್ಯನ ಈ ಮಾತು ಕೇಳಿ ಡಾಕ್ಟರಮ್ಮ ತಬ್ಬಿಬ್ಬಾದಳು. ಪ್ರಬಂಧ ಅಚ್ಚಾಗಿರುವುದೇ ಅವಳಿಗೆ ಗೊತ್ತಿರಲಿಲ್ಲ. "ಐದು ನಿಮಿಷ ಬಿಟ್ಟು ಮಾಡ್ತೀನಿ" ಎಂದು ಫೋನಿಟ್ಟು ಕಂಪ್ಯೂಟರಿನ ಮುಂದೆ ಕೂತಳು. ಮೊದಲು ವಿಭಾಗದ ಮುಖ್ಯಸ್ಥರ ಹೆಸರು, ಆಮೇಲೆ ಇವಳದು. ಅರ್ಧ ಮಕ್ಕಳಿಗೆ ಎಂದಿನಂತೆ ಹತ್ತು ದಿನ ಔಷಧಿ, ಉಳಿದರ್ಧಕ್ಕೆ ಐದೇ ದಿನ. ಎರಡೂ ಸಮ ಎಂದು ತೀರ್ಮಾನ. ಕೋಷ್ಟಕದ ಕೊನೆಯಲ್ಲಿ ಸಣ್ಣಕ್ಷರದ ಒಂದು ಸಾಲು: ಸಂಪರ್ಕಕ್ಕೆ ಸಿಗದವರು, ಏಳು.

ಅವಳ ಮೈಯೆಲ್ಲ ಉರಿದುಹೋಯಿತು. ಸಿಗದವರಂತೆ! ಏಳೂ ಐದು ದಿನದ ಗುಂಪಿನ ಮಕ್ಕಳು. ಮನೆಗೆ ಹೋದ ವಾರದೊಳಗೆ ಫಿಟ್ಸ್ ಬಂದು ಇದೇ ವಾರ್ಡಿಗೆ ವಾಪಸಾಗಿದ್ದವು. ಒಬ್ಬ ತಾಯಿ ಬರಿಗಾಲಲ್ಲಿ ಓಡಿಬಂದು ಮಗುವನ್ನು ಇವಳ ಮೇಜಿನ ಕಾಗದಗಳ ಮೇಲೆಯೇ ಮಲಗಿಸಿದ್ದಳು. ಏಳರಲ್ಲಿ ಒಂದೂ ಉಳಿಯಲಿಲ್ಲ. ಅದನ್ನೆಲ್ಲ ಇವಳೇ ಮುಖ್ಯಸ್ಥರಿಗೆ ಬರೆದುಕೊಟ್ಟಿದ್ದಳು.

ಅವಳು ಕೋಣೆಗೆ ನುಗ್ಗಿದಾಗ ಮುಖ್ಯಸ್ಥರು ಖುಷಿಯಲ್ಲಿದ್ದರು. "ಬಾಮ್ಮ, ನೋಡಿದ್ಯಾ? ನನ್ನ ಇನ್ನೂರನೇ ಪ್ರಬಂಧ!"

"ಆ ಏಳು ಮಕ್ಕಳು ಸತ್ತೋದ್ರು ಸರ್."

"ಅದು ಹೊಸ ಸೋಂಕೂ ಇರಬಹುದು. ಎಲ್ಲಾನೂ ಸೇರಿಸ್ತಾ ಕೂತ್ರೆ ಯಾರಮ್ಮ ಅಚ್ಚು ಹಾಕ್ತಾರೆ? ಮುಂದಿನ ತಿಂಗಳು ನಿನ್ನ ಬಡ್ತಿ ಸಂದರ್ಶನ. ಇದೊಂದು ಬಿಟ್ರೆ ನಿನ್ನ ಪಟ್ಟೀಲಿ ಇನ್ನೇನಿದೆ?"

"ಏನೂ ಇಲ್ಲ."

"ಮತ್ತೆ? ತೆಪ್ಪಗಿರು. ಮನೆ ಮಗಳು ಅಂದ್ಕೊಂಡು ಹೇಳ್ತಿದೀನಿ."

"ನಿಮ್ಮ ಮೊಮ್ಮಗೂಗೆ ಈ ಜ್ವರ ಬಂದ್ರೆ ಎಷ್ಟು ದಿನ ಇಂಜೆಕ್ಷನ್ ಕೊಡಿಸ್ತೀರಿ? ಐದಾ, ಹತ್ತಾ?"

ಅವರು ಕನ್ನಡಕ ತೆಗೆದು ಒರೆಸತೊಡಗಿದರು. ಒರೆಸಿದರು, ಒರೆಸಿದರು, ತಲೆಯೆತ್ತಲಿಲ್ಲ. "ಹೋಗ್ತಾ ಬಾಗಿಲು ಹಾಕ್ಕೊಂಡು ಹೋಗು" ಎಂದರು. ಅವಳು ಬಾಗಿಲನ್ನು ಹಾರುಹೊಡೆದು ಬಂದಳು.

ಮೊದಲು ಆ ಊರಿನ ವೈದ್ಯನಿಗೆ ಫೋನು ಮಾಡಿದಳು. "ಔಷಧಿ ನಿಲ್ಲಿಸಬೇಡಿ. ಹತ್ತು ದಿನಾನೂ ಕೊಡಿ."

"ಆದ್ರೆ ಪ್ರಬಂಧದಲ್ಲಿ..."

"ಪ್ರಬಂಧ ಸುಳ್ಳು. ಅದರ ಮೇಲೆ ನನ್ನ ಹೆಸರಿದೆ, ಅದಕ್ಕೇ ಹೇಳ್ತಿದೀನಿ."

ಆ ಕಡೆ ಕಾಗದ ಮಗುಚುವ ಸದ್ದು. ಆಮೇಲೆ, "ಇವತ್ತು ಬೆಳಿಗ್ಗೆ ಒಬ್ಬ ಹುಡುಗೀನ ಮನೆಗೆ ಕಳಿಸಿಬಿಟ್ವಿ ಮೇಡಂ."

"ಈಗಲೇ ವಾಪಸ್ ಕರೆಸ್ರೀ!" ಅವಳು ಕಿರುಚಿದ್ದಕ್ಕೆ ಹೊರಗೆ ಕೂತಿದ್ದವರೆಲ್ಲ ತಿರುಗಿ ನೋಡಿದರು.

ಫೋನಿನ ಮಾತು ಕೇಳಿಸಿಕೊಂಡ ವಾರ್ಡಿನ ಹಿರಿಯ ನರ್ಸ್ ಸಾವಿನ ರಿಜಿಸ್ಟರನ್ನು ತಾವೇ ತಂದು ಮೇಜಿನ ಮೇಲಿಟ್ಟರು. "ಏಳೂ ಪುಟಕ್ಕೆ ಸಹಿ ಹಾಕಿದೋಳು ನಾನು. ಯಾರೇ ಕೇಳಿದ್ರೂ ನನ್ನ ಹೆಸರೂ ಹೇಳಿ."

"ನಿಮ್ಮ ಕೆಲಸಕ್ಕೆ ತೊಂದ್ರೆ ಆಗುತ್ತೆ ಅಕ್ಕ."

"ಆಗ್ಲಿ ಬಿಡಿ. ಆ ತಾಯಂದ್ರ ಕೈಗೆ ಮಕ್ಕಳ ಬಟ್ಟೆ ಗಂಟು ಕಟ್ಟಿಕೊಟ್ಟವಳು ನಾನೇ ಅಲ್ವಾ?"

ಮಕ್ಕಳ ಹೆಸರುಗಳನ್ನು ಕಾಗದದ ಚೂರಿನಿಂದ ಮುಚ್ಚಿ ಏಳೂ ಪುಟಗಳ ಚಿತ್ರ ತೆಗೆದು, ಪ್ರಬಂಧ ಅಚ್ಚಾದ ಪತ್ರಿಕೆಯ ಸಂಪಾದಕರಿಗೆ ಕಳಿಸಿದಳು. ಪ್ರಬಂಧದಿಂದ ತನ್ನ ಹೆಸರು ತೆಗೆಯಿರಿ ಎಂದೂ ಬರೆದಳು. ಸಂಜೆಯೊಳಗೆ ಆ ಊರಿನಿಂದ ಸುದ್ದಿ ಬಂತು: ಹುಡುಗಿ ಸಿಕ್ಕಿದ್ದಾಳೆ, ಔಷಧಿ ಮತ್ತೆ ಶುರುವಾಗಿದೆ. ವಾರ ಕಳೆಯುವಷ್ಟರಲ್ಲಿ ಸಂದರ್ಶನದ ಪಟ್ಟಿಯಿಂದ ಇವಳ ಹೆಸರು ಹಾರಿಹೋಯಿತು. ಪತ್ರಿಕೆಯವರು ವಿಚಾರಣೆ ಆರಂಭಿಸಿದ್ದೇವೆ ಎಂದು ಎರಡು ಸಾಲು ಬರೆದರು. ಮುಖ್ಯಸ್ಥರು ಕಾರಿಡಾರಿನಲ್ಲಿ ಎದುರಾದರೆ ಗೋಡೆ ನೋಡುತ್ತಾ ಹೋದರು. ಅವಳ ಸಿಟ್ಟು ಮಾತ್ರ ಒಂದು ಗುಲಗಂಜಿಯಷ್ಟೂ ಇಳಿಯಲಿಲ್ಲ.

ಒಂದು ದಿನ ಮೂರನೇ ಮಂಚದ ಮಗುವಿನ ತಾಯಿ ಕೇಳಿದಳು, "ಜ್ವರ ಬಿಟ್ಟಿದೆಯಲ್ಲಮ್ಮ, ಇನ್ನೂ ಸೂಜಿ ಬೇಕಾ?"

"ಬೇಕು. ಇನ್ನೂ ಐದು ದಿನ."

ಮಗು ಬ್ಯಾಂಡೇಜು ಸುತ್ತಿದ ಕೈಯನ್ನು ಹೊದಿಕೆಯೊಳಗೆ ಬಚ್ಚಿಟ್ಟುಕೊಂಡು, ಕೆನ್ನೆ ಉಬ್ಬಿಸಿಕೊಂಡು ಅತ್ತ ತಿರುಗಿತು. ಡಾಕ್ಟರಮ್ಮ ಮಂಚದ ಅಂಚಿನಲ್ಲಿ ಕೂತು, ಅದು ತಾನಾಗಿ ಕೈ ಹೊರಗೆ ತೆಗೆಯುವವರೆಗೆ ಕಾದಳು.