ದೀಪನರಿಯನ್ನು ಕಳಿಸಿಕೊಟ್ಟ ಮಾತು

ನಲವತ್ತೊಂದು ಬೇಸಿಗೆ ಹಿಲ್ಯಾ ಆ ಗೂಡಿನಲ್ಲಿ ಕೂತಿದ್ದಳು. ಕೆರೆಯ ದಂಡೆಯಲ್ಲಿ ಹಲಗೆ ಹಾಸಿದ ರಂಗ, ಅದರ ಅಂಚಿನಲ್ಲಿ ನಾಯಿಗೂಡಿನಷ್ಟು ಜಾಗ. ನಟರು ಮಾತು ಮರೆತರೆ ಪಿಸುಗುಟ್ಟಿ ಎತ್ತಿಕೊಡುವುದು ಅವಳ ಕೆಲಸ. ಊರಿನವರೇ ನಟರು, ಮರೆವಿಗೆ ಬರವಿರಲಿಲ್ಲ.

ಈ ಬೇಸಿಗೆ ಮತ್ತೆ ದೀಪನರಿಯ ಕತೆ. ಒಬ್ಬ ಹುಡುಗಿ, ಅವಳ ಗೆಳೆಯನಾಗುವ ಒಂದು ನರಿ; ಆ ಪುಸ್ತಕ ಓದದೆ ದೊಡ್ಡವರಾದವರು ಆ ಊರಲ್ಲಿರಲಿಲ್ಲ. ಆಟಕ್ಕೆ ಮುಂಚೆ ಎಂಟು ವರ್ಷದ ಸೈಮಿ ಗೂಡಿನ ಬಳಿ ಬಂದು ಕುಕ್ಕರಿಸಿದಳು. ನಾಟಕದಲ್ಲಿ ಆ ಹುಡುಗಿಯ ಪಾತ್ರ ಅವಳದೇ.

“ಹಿಲ್ಯಜ್ಜಿ, ಪುಸ್ತಕದಲ್ಲಿ ಕೊನೇಲಿ ನರಿ ಹೋಗಿಬಿಡುತ್ತಂತೆ, ನಿಜವಾ?”

“ಪುಸ್ತಕದಲ್ಲಿ ಹೋಗುತ್ತೆ ಕಣೆ. ರೇಡಿಯೋದಲ್ಲಿ ಹೋಗಿ, ಕ್ರಿಸ್‌ಮಸ್‌ಗೆ ವಾಪಸ್ ಬಂತು. ಸಿನಿಮಾದಲ್ಲಿ ಚರ್ಮ ಕಳಚಿ ಚೆಂದದ ಹುಡುಗ ಆಯ್ತು. ಕಾರ್ಟೂನಲ್ಲಿ ಮಾತ್ರ ಕೇಳಬೇಡ, ಹಾಡು ಹೇಳ್ಕೊಂಡು ಐಸ್‌ಕ್ರೀಮ್ ತಿಂತು.”

ಸೈಮಿ ನಗಲಿಲ್ಲ. “ಅಜ್ಜ ನರಿ ಆಗ್ತಿದ್ದಾಗ?”

“ನಿಮ್ಮಜ್ಜ ಹೋಗ್ತಿದ್ದ. ಆ ಬರ್ಚ್ ಮರಗಳ ಹಿಂದಕ್ಕೆ. ಹೋಗಿ ಕಾಫಿ ಕುಡೀತಿದ್ದ.”

ಒನ್ನಿ ಅಜ್ಜ ಕಳೆದ ಚಳಿಗಾಲದಲ್ಲಿ ತೀರಿಕೊಂಡಿದ್ದ. ಮಗು ಹೆದರೀತು ಎಂದು ಸೈಮಿಯನ್ನು ಮಣ್ಣಿಗೆ ಕರೆದೊಯ್ಯದೆ ಪಕ್ಕದೂರಿನ ಚಿಕ್ಕಮ್ಮನ ಮನೆಯಲ್ಲಿ ಬಿಟ್ಟಿದ್ದರು. ನಾಟಕ ಆಡಿಸುವ ಅವಳ ತಾಯಿ ಕೈಸು ಅದೇ ಹೆದರಿಕೆಗೆ ಈ ಸಲ ಕೊನೆಯನ್ನೇ ತಿದ್ದಿದ್ದಳು. ನರಿ ಹೋಗುವುದಿಲ್ಲ, ಹುಡುಗಿಯ ಮನೆಯಲ್ಲೇ ಉಳಿಯುತ್ತದೆ. ಹಿಲ್ಯಾಳಿಗೆ ಹಿಡಿಸಿರಲಿಲ್ಲ. ಆದರೆ ಹಾಳೆಯಲ್ಲಿದ್ದದ್ದನ್ನು ಎತ್ತಿಕೊಡುವುದಷ್ಟೇ ಅವಳ ಪಾಲಿನದು.

ಕೊನೆಯ ದೃಶ್ಯ ಬಂತು. ಬಸ್ ಡ್ರೈವರ್ ವೈಕ್ಕೊ ಒನ್ನಿಯ ಹಳೇ ಬಾಲ ಕಟ್ಟಿಕೊಂಡು, ನರಿಯಾಗಿ ಸೈಮಿಯ ಎದುರು ನಿಂತ. ‘ಬಾ, ಇನ್ಮೇಲೆ ನಮ್ಮನೇಲೇ ಇರು’ ಅನ್ನಬೇಕಿತ್ತು ಅವಳು. ಅನ್ನಲಿಲ್ಲ. ಬಾಲವನ್ನೇ ನೋಡುತ್ತ ನಿಂತಳು. ಬೆಂಚಿನ ಮೇಲೆ ಯಾರೋ ಕೆಮ್ಮಿದರು. ಸೈಮಿ ಗೂಡಿನತ್ತ ತಿರುಗಿದಳು.

ಹಿಲ್ಯಾಳ ತುಟಿಯ ಮೇಲೆ ಮಾತು ಸಿದ್ಧವಾಗಿತ್ತು. ಮರೆತವರ ಕಣ್ಣು ಹೇಗಿರುತ್ತದೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಈ ಮಗು ಏನನ್ನೂ ಮರೆತಿರಲಿಲ್ಲ, ಅಪ್ಪಣೆ ಕೇಳುತ್ತಿತ್ತು. ಹಿಲ್ಯಾ ಹಾಳೆಗಳನ್ನು ಮಡಿಲಲ್ಲಿ ಬೋರಲು ಹಾಕಿದಳು. ಬಾಯಿ ಮುಚ್ಚಿಕೊಂಡು, ಹೂಂ ಎಂಬಂತೆ ತಲೆಯಾಡಿಸಿದಳು.

“ಹೋಗು,” ಅಂದಳು ಸೈಮಿ ನರಿಗೆ. “ನನಗೇನೂ ಭಯ ಇಲ್ಲ. ಅಲ್ಲಿ ಚಳಿ ಇದ್ರೆ ಸ್ವೆಟರ್ ಹಾಕ್ಕೋ.”

ವೈಕ್ಕೊ ಕಕ್ಕಾಬಿಕ್ಕಿಯಾಗಿ ಗೂಡಿನತ್ತ ನೋಡಿದ. ಹೋಗೋ ಮಾರಾಯ, ಎಂದು ಹಿಲ್ಯಾ ಕೈಯಾಡಿಸಿದಳು. ಅವನು ಬರ್ಚ್ ಮರಗಳ ಕಡೆ ನಡೆದ. ಬಾಲದ ತುದಿ ಮರೆಯಾಗುವವರೆಗೂ ಸೈಮಿ ಕೈ ಬೀಸುತ್ತಲೇ ಇದ್ದಳು.

ಆಟ ಮುಗಿದ ಮೇಲೆ ಕೈಸು ಗೂಡಿನ ಮುಂದೆ ಬಂದು ನಿಂತಳು. ಮೂಗು ಕೆಂಪಾಗಿತ್ತು.

“ಅದು ಎಲ್ಲಿಯ ಕೊನೆ, ಹಿಲ್ಯಮ್ಮ? ಪುಸ್ತಕದ್ದಾ, ರೇಡಿಯೋದ್ದಾ?”

“ಯಾವುದರಲ್ಲೂ ಇಲ್ಲ. ನಾನೂ ಇವತ್ತೇ ಕೇಳಿದ್ದು.”

“ನೀವು ಎತ್ತಿಕೊಡಬೇಕಿತ್ತು.”

“ಕೊಡಬೇಕಿತ್ತು. ತಪ್ಪು ಅನ್ನಿಸಿದ್ರೆ ನಾಳೆಯಿಂದ ಬೇರೆಯವರನ್ನ ಕೂರಿಸು.”

ಅಷ್ಟರಲ್ಲಿ ಸೈಮಿ ಬನ್ನು ತಿನ್ನುತ್ತ ಬಂದಳು, ಮುಖದ ತುಂಬ ಸಕ್ಕರೆ. ಕೈಸು ಅವಳ ಕೆನ್ನೆ ಒರೆಸಿದಳು. ಒರೆಸಿದ ಮೇಲೂ ಕೈ ತೆಗೆಯಲಿಲ್ಲ.

“ನಾಳೆ ಬೆಳಿಗ್ಗೆ ಚರ್ಚಿನ ಹಿಂದೆ ಹೋಗಿ ಬರೋಣ್ವಾ, ಪುಟ್ಟಿ? ಅಜ್ಜನ ಹತ್ರ?”

“ಅಲ್ಲಿ ಏನು ಹೇಳಬೇಕು?”

ಕೈಸು ಹಿಲ್ಯಾಳ ಕಡೆ ನೋಡಿದಳು. ಹಿಲ್ಯಾ ಹಾಳೆಗಳನ್ನು ಚೀಲಕ್ಕೆ ತುಂಬುವುದರಲ್ಲೇ ಇದ್ದಳು.

“ನಿನಗೆ ಏನು ಅನ್ನಿಸುತ್ತೋ ಅದು,” ಅಂದಳು ಕೈಸು.