ಹೂಜಿ ತಂದುಕೊಟ್ಟವನು

ಸುಳ್ಳು ಹೇಳಬೇಕೆಂದೇ ನಾನು ಹೋಗಿದ್ದೆ. ಹವೀಸಮ್ಮನಿಗೆ ಮೊಲೆಹಾಲು ಕೊಟ್ಟು ಸಾಕಿದವಳು ನಾನು. ಅವಳಿಗಾಗಿ ನರಕಕ್ಕೆ ಹೋದರೂ ಚಿಂತೆಯಿರಲಿಲ್ಲ.

ಬ್ರಿಟನಿಯ ಈ ಕಡಲ ದಂಡೆಯಲ್ಲೆಲ್ಲ ದೊಡ್ಡ ಮನುಷ್ಯ ಎನಿಸಿಕೊಂಡ ಅವಳ ಗಂಡ, ರಿವಾಲನ್ ದೊರೆ, ಪಕ್ಕದ ಕೋಟೆಯ ಹುಡುಗಿಯ ಮೇಲೆ ಕಣ್ಣು ಹಾಕಿದ್ದ. ಹತ್ತು ವರ್ಷ ಜೊತೆಗೆ ಬಾಳಿದ ಹೆಂಡತಿಯನ್ನು ಬಿಡಲು ನೆಪ ಬೇಕಲ್ಲ? ಆ ಮನೆಹಾಳನಿಗೆ ಸಿಕ್ಕಿದ್ದು ಸತ್ತ ಮಗು. ಕೂಸನ್ನು ಕ್ರಿಸ್ತನ ಮತಕ್ಕೆ ಸೇರಿಸುವ ಜ್ಞಾನಸ್ನಾನದ ನೀರು ಹುಯ್ದವಳು ಮಗುವಿಗೆ ಜ್ಞಾನತಾಯಿಯಾಗುತ್ತಾಳೆ. ಜ್ಞಾನತಾಯಿಗೂ ಮಗುವಿನ ತಂದೆಗೂ ಮದುವೆ ಕೂಡದು, ಮೊದಲೇ ಆಗಿದ್ದರೆ ಅದೂ ಮುರಿಯುತ್ತದೆ. ಅವರ ಒಂದೇ ಒಂದು ಕೂಸು ಹುಟ್ಟಿದ ಗಳಿಗೆಯಲ್ಲೇ ಕೊನೆಯುಸಿರು ಎಳೆಯುತ್ತಿದ್ದಾಗ, ಕಡಲ ಉಬ್ಬರದಿಂದ ಪಾದ್ರಿ ಆಚೆ ದಡದಲ್ಲೇ ಉಳಿದಿದ್ದಾಗ, ನೀರು ಹುಯ್ದವಳು ಹೆತ್ತ ತಾಯಿಯೇ.

ಬಿಷಪ್ಪರ ಕಡೆಯ ಪಾದ್ರಿ ನಡುಮನೆಯಲ್ಲಿ ವಿಚಾರಣೆಗೆ ಕೂತರು. "ನೀರು ಹುಯ್ದೋರು ಯಾರು?"

"ನಾನೇ ಸ್ವಾಮಿ," ಎಂದು ಮುಂದೆ ನುಗ್ಗಿದೆ.

"ಥೂ, ಮುದುಕಿ! ಅವತ್ತು ನೀನು ದಡದಲ್ಲಿ ನಿಂತ್ಕೊಂಡು ಪಾದ್ರಿನ ಕೂಗ್ತಿದ್ದೆ. ಊರೇ ನೋಡಿದೆ," ಎಂದ ರಿವಾಲನ್.

ನಿಜವೇ. ಹಿಂದಕ್ಕೆ ಸರಿದು ನಿಂತೆ.

ಪಾದ್ರಿ ಹವೀಸಮ್ಮನ ಕಡೆ ತಿರುಗಿದರು. "ನೀನು ಹುಯ್ದಿಲ್ಲ ಅಂದ್ರೆ ಮದುವೆ ಉಳಿಯತ್ತಮ್ಮ. ಆದ್ರೆ ಸ್ನಾನ ಆಗದ ಮಗು ಚರ್ಚಿನ ಮಣ್ಣಲ್ಲಿ ಇರೋ ಹಾಗಿಲ್ಲ. ಅಗೆದು ಹೊರಗೆ ಹೂಳ್ಬೇಕಾಗತ್ತೆ."

ನನ್ನ ಮೈಯೆಲ್ಲ ಉರಿದುಹೋಯಿತು. ಒಂದು ಗಳಿಗೆ ಬದುಕಿದ ಕೂಸು, ಅದನ್ನೂ ನೆಮ್ಮದಿಯಾಗಿ ಮಲಗಲು ಬಿಡರಲ್ಲ ಈ ಪಾಪಿಗಳು!

ಹವೀಸಮ್ಮ ಎದ್ದು ನಿಂತಳು. "ನಾನೇ ಹುಯ್ದೆ. ಬರ್ಕೊಳ್ಳಿ."

"ಸಾಕ್ಷಿ?"

ರಿವಾಲನ್ ಆಣೆಗೆಂದು ತಂದಿಟ್ಟಿದ್ದ, ಸಂತರ ಮೂಳೆಯಿದ್ದ ಪೆಟ್ಟಿಗೆಯ ಮೇಲೆ ಕೈಯಿಟ್ಟ. "ನಾನೇ. ಕಣ್ಣಾರೆ ಕಂಡಿದೀನಿ."

"ಬರೀ ಕಂಡ್ಯೇನೋ?" ಅವಳ ದನಿಗೆ ಗೋಡೆ ನಡುಗಬೇಕು. "ಹೂಜಿ ತಂದ್ಕೊಟ್ಟೋನು ಯಾರೋ? 'ಬೇಗ ಹುಯ್ಯೇ ಹವೀಸ್, ಮಗು ಹೋಗ್ಬಿಡತ್ತೆ' ಅಂತ ನನ್ನ ಕಾಲು ಹಿಡ್ಕೊಂಡು ಅತ್ತೋನು ಯಾರೋ?"

ಅವನು ತಲೆಯೆತ್ತಲಿಲ್ಲ. ಪೆಟ್ಟಿಗೆಯ ಮೇಲಿಂದ ಕೈಯನ್ನೂ ತೆಗೆಯಲಿಲ್ಲ. ಪಾದ್ರಿ ಬರೆದು ಮುಗಿಸಿದರು, ಮದುವೆ ಮುರಿಯಿತು.

ಹವೀಸಮ್ಮ ಸೊಂಟದ ಬೀಗದ ಕೈ ಗೊಂಚಲನ್ನು ಕಿತ್ತು ಅವನ ಕಾಲ ಬಳಿ ಎಸೆದಳು. "ಅವಳಿಗೆ ಕೊಡು. ನನ್ನ ಕೂಸಿನ ತಂಟೆಗೆ ಮಾತ್ರ ಬಂದ್ಯೋ, ಜೋಕೆ!"

ನಾನು ಹೊಸ್ತಿಲ ಮೇಲೆ ಉಗಿದು ಅವಳ ಹಿಂದೆಯೇ ನಡೆದೆ. ಚರ್ಚಿನ ಅಂಗಳದಲ್ಲಿ ಆ ಪುಟ್ಟ ಕಲ್ಲಿನ ಮುಂದೆ ಕೂತ ಮೇಲೆಯೇ ಅವಳು ಅತ್ತದ್ದು. ಕಲ್ಲಿನ ಸುತ್ತ ಹುಲ್ಲು ಹಾಗೇ ಇತ್ತು, ಯಾರ ಗುದ್ದಲಿಯೂ ಬಿದ್ದಿರಲಿಲ್ಲ.