ಏಳನೇ ಮನೆಯ ನಾಲ್ಕನೇ ಮೆಟ್ಟಿಲು

ಡೆಲ್ಫಿನಾಗೆ ಸ್ವಂತ ಮನೆ ಆಗಲು ನಾಲ್ಕೇ ನಾಲ್ಕು ಗಂಟೆಯ ಕೆಲಸ ಕಮ್ಮಿ ಬಿದ್ದಿತ್ತು.

ಗುಡ್ಡದ ಮಗ್ಗುಲಿಗೆ ಧರ್ಮಸಂಸ್ಥೆಯವರು ಎಬ್ಬಿಸಿದ ಮನೆಗಳು ಹನ್ನೆರಡು. ಮನೆ ಬೇಕೆಂದವರು ನಾನೂರು ಗಂಟೆ ಮೈಮುರಿದು ದುಡಿಯಬೇಕು. ಯಾವುದು ಯಾರದೆಂದು ಕಡೆಯ ದಿನ ಚೀಟಿ ಎತ್ತಿದಾಗಲೇ ಗೊತ್ತು. ಹಾಗಾಗಿ ಎಲ್ಲರೂ ಎಲ್ಲ ಮನೆಗಳನ್ನೂ ತಮ್ಮದೆಂದೇ ಕಟ್ಟಿದ್ದರು. ಇವತ್ತು ಸಂಜೆ ನಾಲ್ಕೂವರೆಗೆ ಚೀಟಿ. ಹೋದ ವಾರ ಮಗಳಿಗೆ ಜ್ವರ ಬಂದು ಡೆಲ್ಫಿನಾಗೆ ಅರ್ಧ ದಿನ ತಪ್ಪಿತ್ತು. ಅದನ್ನು ತುಂಬಿಸಲು ಕರಣೆ ಹಿಡಿದು ಬಂದರೆ, ಮಾಡಲು ಕೆಲಸವೇ ಉಳಿದಿಲ್ಲ! ಬಣ್ಣ ಬಳಿದಾಗಿತ್ತು, ಕಸ ಗುಡಿಸಿಯೂ ಆಗಿತ್ತು.

"ಮಾಡದೇ ಇರೋ ಕೆಲಸ ಬರ್ಕೊಳ್ಳೋಕಾಗಲ್ಲ ಡೆಲ್ಫಿನಾ," ಎಂದಳು ಇಂಜಿನಿಯರ್ ಅರಸೇಲಿ. "ಮುಂದಿನ ವರ್ಷದ ಮನೆಗಳಿಗೆ ನಿನ್ನ ಹೆಸರೇ ಮೊದಲು."

ಮುಂದಿನ ವರ್ಷ! ಹೊಳೆದಂಡೆಯ ಅವಳ ಗುಡಿಸಲಿಗೆ ಅಷ್ಟರಲ್ಲಿ ಇನ್ನೆಷ್ಟು ಸಲ ನೀರು ನುಗ್ಗಬೇಕೋ.

ಅಷ್ಟರಲ್ಲಿ ಏಳನೇ ಮನೆಯ ಮುಂದೆ ಗಲಾಟೆ ಎದ್ದಿತು. ಟ್ರೈಸಿಕಲ್ ಓಡಿಸುವ ತುರಿಬಿಯೊ ಬಾಗಿಲಿನ ಮೆಟ್ಟಿಲಿಗೆ ಬೆರಳು ತೋರಿಸಿ ಕೂಗುತ್ತಿದ್ದ: "ಓರೊ, ಪ್ಲಾತಾ, ಮಾತಾ! ಕಣ್ಣಿಟ್ಟು ಎಣಿಸ್ರಪ್ಪಾ!"

ಚಿನ್ನ, ಬೆಳ್ಳಿ, ಸಾವು: ಮೆಟ್ಟಿಲಿಗೊಂದರಂತೆ ಎಣಿಸುತ್ತ ಹೋಗಿ, ಮುಗಿದರೆ ಮತ್ತೆ ಮೊದಲಿನಿಂದ. ಎಣಿಕೆ ಸಾವಿನ ಮೇಲೆ ನಿಂತ ಮನೆಗೆ ಆ ಸೀಮೆಯಲ್ಲಿ ಯಾರೂ ಒಕ್ಕಲು ಹೋಗುವುದಿಲ್ಲ. ಉಳಿದ ಮನೆಗಳಿಗೆಲ್ಲ ಎರಡೇ ಮೆಟ್ಟಿಲು. ಇಲ್ಲಿ ನೆಲ ತಗ್ಗು, ಸೇವೆಗೆ ಬಂದ ಕಾಲೇಜು ಹುಡುಗಿಯರು ಅಳತೆ ನೋಡಿ ಮೂರು ಕಟ್ಟಿಬಿಟ್ಟಿದ್ದರು.

"ಏಳನೇದು ನಂಗೆ ಬಂದ್ರೆ ಚೀಟಿನೇ ನುಂಗ್ಬಿಡ್ತೀನಿ!" ಎಂದ ತುರಿಬಿಯೊ.

"ಅಜ್ಜಿ ಕಾಲದ ಮಾತು," ಎಂದು ಒಬ್ಬ ಹುಡುಗಿ ನಕ್ಕಳು.

"ನಿಮ್ಮನೇಲಿ ಎಷ್ಟು ಮೆಟ್ಟಿಲಮ್ಮಾ?" ಡೆಲ್ಫಿನಾ ಕೇಳಿದಳು.

"ಹನ್ನೊಂದು."

"ಹನ್ನೆರಡು ಯಾಕಿಲ್ಲ?"

"ಅಪ್ಪ ಮೇಸ್ತ್ರಿಗೆ ಹೇಳಿ..." ಹುಡುಗಿ ನಾಲಿಗೆ ಕಚ್ಚಿಕೊಂಡಳು. ಎಲ್ಲರೂ ಗೊಳ್ಳೆಂದರು.

ಡೆಲ್ಫಿನಾ ಮಾತ್ರ ನಗಲಿಲ್ಲ. ಅವಳ ತಲೆಯಲ್ಲಿ ದೀಪ ಹತ್ತಿತ್ತು.

"ಮ್ಯಾಡಮ್, ಮುಂದೆ ತುಂಬಿಸಿರೋ ಮಣ್ಣು ಕೆತ್ತಿ ತೆಗೆದ್ರೆ ಕೆಳಗೆ ಇನ್ನೊಂದು ಮೆಟ್ಟಿಲು ಹಿಡಿಯುತ್ತೆ. ನಾಲ್ಕನೇದು ಮತ್ತೆ ಚಿನ್ನ. ಅದಕ್ಕೆ ಎಷ್ಟು ಹೊತ್ತು ಬೇಕು?"

ಅರಸೇಲಿ ಗಡಿಯಾರ ನೋಡಿದಳು, ಡೆಲ್ಫಿನಾಳ ಮುಖ ನೋಡಿದಳು. ಹನ್ನೆರಡು ಹೊಡೆಯುವುದರಲ್ಲಿತ್ತು. "ಒಬ್ಬಳೇ ಮಾಡಿದ್ರೆ ನಾಲ್ಕು ಗಂಟೆ."

"ಹಾಗಾದ್ರೆ ಯಾರೂ ಕೈ ಹಾಕ್ಬೇಡಿ!"

ಗುದ್ದಲಿ ಎತ್ತಿದಳು. ಮಣ್ಣು ಕೆತ್ತಿದಳು, ಹಲಗೆ ನಿಲ್ಲಿಸಿದಳು, ಜಲ್ಲಿ ಹೊತ್ತಳು, ಸಿಮೆಂಟು ಕಲಸಿದಳು. ತುರಿಬಿಯೊ ಕನಿಕರಪಟ್ಟು ಬಾಂಡ್ಲಿ ಎತ್ತಲು ಹೋದಾಗ ಕರಣೆ ತೋರಿಸಿ ಅಟ್ಟಿದಳು. "ನಿಮ್ಮ ಪುಣ್ಯ ಆಮೇಲೆ ಮಾಡ್ಕೊಳಿ ಅಣ್ಣಾ, ನನ್ನ ಗಂಟೆ ತಿನ್ಬೇಡಿ!" ಊಟದ ಹೊತ್ತಿಗೂ ಜನ ಕದಲಲಿಲ್ಲ, ಅನ್ನ, ಒಣಮೀನು ಕೈಯಲ್ಲಿ ಹಿಡಿದುಕೊಂಡೇ "ಇನ್ನೊಂದು ಗಂಟೆ! ಇನ್ನರ್ಧ!" ಎಂದು ಕೂಗುತ್ತಿದ್ದರು. ನಾಲ್ಕಕ್ಕೆ ಎರಡು ನಿಮಿಷ ಇರುವಾಗ ಮೆಟ್ಟಿಲು ನುಣ್ಣಗಾಗಿತ್ತು. ಆ ಎರಡು ನಿಮಿಷ ಅವಳು ಅದನ್ನು ಇನ್ನೂ ನುಣ್ಣಗೆ ಮಾಡಿದಳು.

"ನಾನೂರು!" ಎಂದು ಅರಸೇಲಿ ಕೂಗಿ, ಹನ್ನೆರಡನೆಯ ಹೆಸರು ಬರೆದುಕೊಂಡಳು.

ಬಿಸ್ಕತ್ತಿನ ಡಬ್ಬಿಯಿಂದ ಮೊದಲು ಚೀಟಿ ಎತ್ತಿದವನು ತುರಿಬಿಯೊ. ಬಿಡಿಸಿ ನೋಡಿ ಬಾಯಿ ಬಿಟ್ಟ. ಏಳು!

"ನುಂಗಿ, ನುಂಗಿ!" ಎಂದರು ಜನ.

"ಯಾಕೆ ನುಂಗ್ಲಿ? ಚಿನ್ನ ಕಣ್ರೋ ಅದು!" ಎಂದು ಅವನು ಓಡಿದ. ಡೆಲ್ಫಿನಾ ಬೆನ್ನಟ್ಟಿದಳು. "ಸಿಮೆಂಟು ಹಸಿ ಇದೆ! ಕಾಲಿಟ್ರೆ ಮುರಿದು ಕೈಗೆ ಕೊಡ್ತೀನಿ!"

ತುರಿಬಿಯೊ ಒಳಹೋದದ್ದು ಕಿಟಕಿಯಿಂದ. ಹೊಟ್ಟೆ ಸಿಕ್ಕಿಕೊಂಡು, ಹಿಂದಿನಿಂದ ಇಬ್ಬರು ನೂಕಬೇಕಾಯಿತು.

ಡೆಲ್ಫಿನಾಗೆ ಬಂದದ್ದು ಎರಡನೇ ಮನೆ. ಅದರ ಮೆಟ್ಟಿಲು ಕಟ್ಟಿದವಳೂ ಅವಳೇ. ಆದರೂ ಮಗಳ ಕೈ ಹಿಡಿದು ಒಂದೊಂದೇ ಎಣಿಸಿದಳು.

"ಓರೊ. ಪ್ಲಾತಾ."

ಮಗಳು ಬಾಗಿಲು ನೂಕಿದಳು.